ಉಬ್ಬಿದ ಹೊಟ್ಟೆ, ಸೊರಗಿದ ತೋಳು: ಸಿರೋಸಿಸ್ ರೋಗಿಯ ಪೋಷಣೆಯನ್ನು ಅಳೆಯುವುದು ಹೇಗೆ?

ಅಂಗಿಯ ಕೆಳಗಿನ ಎರಡು ಗುಂಡಿ ಹಾಕಲು ಬರುತ್ತಿರಲಿಲ್ಲ, ಹೊಟ್ಟೆ ಅಷ್ಟು ಉಬ್ಬಿತ್ತು. ಅದೇ ಅಂಗಿಯ ತೋಳಿನೊಳಗೆ ಇನ್ನೊಂದು ಕೈ ತೂರುವಷ್ಟು ಜಾಗ. ಪೆರ್ಲದ ಕಡೆಯಿಂದ ಮಗನೊಡನೆ ಬಂದಿದ್ದ ಅವರು ಅಡಿಕೆ ಕೃಷಿಕರು, ವಯಸ್ಸು ಐವತ್ತೆಂಟು. ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿ ಸೋಲುವ ಕಾಯಿಲೆ, ಎಂದು ಗೊತ್ತಾಗಿ ಒಂದೂವರೆ ವರ್ಷವಾಗಿತ್ತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) "ಊಟ ಸೇರುವುದಿಲ್ಲ ಮೇಡಂ, ಆದರೆ ತೂಕವೇನೂ ಇಳಿದಿಲ್ಲ. ಆರು ತಿಂಗಳ ಹಿಂದೆ 60 ಕಿಲೋ ಇದ್ದರು, ಈಗಲೂ 60" ಎಂದ ಮಗನ ಮುಖದಲ್ಲಿ ಸಮಾಧಾನವಿತ್ತು. ನನಗೆ ಆತಂಕ ಹುಟ್ಟಿಸಿದ್ದು ಆ ಮಾತೇ.

ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ತಲಪಾಡಿ ದಾಟಿ ಮಂಗಳೂರಿನಲ್ಲಿ ಆಹಾರತಜ್ಞೆಯಾಗಿ ಕೆಲಸ ಮಾಡುವವಳು ನಾನು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಿಂದ ಬರುವ ಲಿವರ್ ರೋಗಿಗಳನ್ನು ವಾರಕ್ಕೆ ನಾಲ್ಕೈದು ಮಂದಿಯನ್ನಾದರೂ ನೋಡುತ್ತೇನೆ. ಅವರಲ್ಲಿ ಹೆಚ್ಚಿನವರು ಹಸಿದಿರುತ್ತಾರೆ, ಮನೆಯವರಿಗೆ ಅದು ಗೊತ್ತಿರುವುದಿಲ್ಲ. ಹೊಟ್ಟೆಯ ನೀರು ಆ ಹಸಿವನ್ನು ಮುಚ್ಚಿಹಾಕಿರುತ್ತದೆ. ಪಥ್ಯವೆಂಬ ಹೆಸರು ಅದನ್ನು ಸರಿಯೆಂದು ಒಪ್ಪಿಸಿರುತ್ತದೆ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರಗಳು ಬೇಕಾಗಿಲ್ಲ. ಎಲ್ಲಿ ನೋಡಬೇಕು, ಏನು ಕೇಳಬೇಕು ಎಂದು ತಿಳಿದಿದ್ದರೆ ಅರ್ಧ ಕೆಲಸ ಮುಗಿಯಿತು.

ಮೊದಲು, ಲಿವರ್ ಹಾಳಾದರೆ ಮೈಯ ಮಾಂಸ ಏಕೆ ಕರಗುತ್ತದೆ ಎಂಬುದನ್ನು ನೋಡೋಣ. ನಮ್ಮ ಹಳೆಯ ಮನೆಗಳಲ್ಲಿ ಭತ್ತ ತುಂಬಿಡುವ ಪತ್ತಾಯ ಇರುತ್ತಿತ್ತಲ್ಲ, ಲಿವರ್ ಮೈಯೊಳಗಿನ ಪತ್ತಾಯವಿದ್ದಂತೆ. ಹಗಲು ತಿಂದ ಅನ್ನದಲ್ಲಿ ಒಂದು ಪಾಲನ್ನು ಅದು ಗ್ಲೈಕೋಜನ್ ರೂಪದಲ್ಲಿ ತುಂಬಿಡುತ್ತದೆ. ಆರೋಗ್ಯವಂತರ ಲಿವರಿನಲ್ಲಿ ಹೀಗೆ ಸುಮಾರು 100 ಗ್ರಾಂ ದಾಸ್ತಾನು ಇರುತ್ತದೆ. ರಾತ್ರಿ ನಾವು ಮಲಗಿದ್ದಾಗ ಮಿದುಳಿಗೆ ಅದರಿಂದಲೇ ಸಕ್ಕರೆ ಅಳೆದು ಕೊಡುತ್ತದೆ. ಸಿರೋಸಿಸ್‌ನಲ್ಲಿ ಲಿವರಿನ ಜೀವಕೋಶಗಳ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ, ಪತ್ತಾಯ ಕಿರಿದಾಗುತ್ತದೆ. ನಡುರಾತ್ರಿಯ ಹೊತ್ತಿಗೆ ದಾಸ್ತಾನು ಮುಗಿದು, ಮೈ ತನ್ನದೇ ಮಾಂಸಖಂಡವನ್ನು ಒಡೆದು ಸಕ್ಕರೆ ಮಾಡಿಕೊಳ್ಳಲು ತೊಡಗುತ್ತದೆ. ಆರೋಗ್ಯವಂತ ಮನುಷ್ಯ ಎರಡು ಮೂರು ದಿನ ಉಪವಾಸ ಬಿದ್ದರೆ ಆತನ ದೇಹದಲ್ಲಿ ಏನಾಗುತ್ತದೋ, ಸಿರೋಸಿಸ್ ರೋಗಿಯಲ್ಲಿ ಅದು ಒಂದೇ ರಾತ್ರಿಯಲ್ಲಿ ಆಗುತ್ತದೆ. ರಾತ್ರಿ 8 ಗಂಟೆಗೆ ಉಂಡು ಬೆಳಗ್ಗೆ 9ಕ್ಕೆ ತಿಂಡಿ ತಿನ್ನುವ ರೋಗಿ ಪ್ರತಿದಿನವೂ ಇಂಥದೊಂದು ಉಪವಾಸ ಮಾಡುತ್ತಿರುತ್ತಾರೆ.

ಇದರ ಮೇಲೆ ಇನ್ನಷ್ಟು ತೊಂದರೆಗಳು ಬಂದು ಕೂರುತ್ತವೆ. ಹೊಟ್ಟೆಯಲ್ಲಿ ತುಂಬಿದ ನೀರು, ಅಂದರೆ ಜಲೋದರ, ಜಠರವನ್ನು ಒತ್ತುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಸತುವಿನ ಕೊರತೆಯಿಂದ ನಾಲಿಗೆಗೆ ರುಚಿ ಹತ್ತುವುದಿಲ್ಲ. ಪಿತ್ತರಸ ಕಡಿಮೆಯಾಗಿ ಕೊಬ್ಬು ಸರಿಯಾಗಿ ಜೀರ್ಣವಾಗುವುದಿಲ್ಲ. ಸೂಜಿ ಹಾಕಿ ಹೊಟ್ಟೆಯ ನೀರು ತೆಗೆಯುವಾಗಲೆಲ್ಲ ಅದರೊಡನೆ ಪ್ರೋಟೀನೂ ಹೋಗುತ್ತದೆ. ಅಮೋನಿಯಾದ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಶುದ್ಧೀಕರಿಸುವುದು ಲಿವರಿನ ಕೆಲಸ. ಲಿವರ್ ಸೋತಾಗ ಆ ಹೊರೆಯ ಒಂದಂಶವನ್ನು ಮಾಂಸಖಂಡ ಹೊರುತ್ತದೆ. ಮಾಂಸಖಂಡವೇ ಕರಗಿದರೆ ಅಮೋನಿಯಾ ರಕ್ತದಲ್ಲಿ ಉಳಿದು ಮಿದುಳಿಗೆ ಮಬ್ಬು ಕವಿಯುತ್ತದೆ. ರೋಗಿ ಹಗಲಲ್ಲಿ ತೂಕಡಿಸುತ್ತಾರೆ, ರಾತ್ರಿ ಎಚ್ಚರವಿರುತ್ತಾರೆ, ಮಾತು ತೊದಲುತ್ತದೆ. ಹಾಗಾಗಿ ಲಿವರ್ ರೋಗಿಯ ತೋಳಿನ ಮಾಂಸವನ್ನು ನಾನು ಎರಡನೆಯ ಲಿವರ್ ಎಂದೇ ಭಾವಿಸುತ್ತೇನೆ.

ವೈದ್ಯಶಾಸ್ತ್ರಕ್ಕೆ ಇದು ಹೊಸ ವಿಷಯವಲ್ಲ. 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಎಂಬ ವೈದ್ಯರು ಸಿರೋಸಿಸ್‌ನ ತೀವ್ರತೆಯನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ ಐದು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು: ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು), ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್), ಜಲೋದರ, ಮಿದುಳಿನ ಮಬ್ಬು, ಮತ್ತು ರೋಗಿಯ ಪೋಷಣೆ. 1973ರಲ್ಲಿ ಪಗ್ ಮತ್ತು ಸಂಗಡಿಗರು ಅದನ್ನು ತಿದ್ದಿದಾಗ ಪೋಷಣೆಯನ್ನು ಕೈಬಿಟ್ಟು, ರಕ್ತ ಹೆಪ್ಪುಗಟ್ಟುವ ಸಮಯವನ್ನು ಸೇರಿಸಿದರು. ಪೋಷಣೆಯ ಅಂದಾಜು ವೈದ್ಯರಿಂದ ವೈದ್ಯರಿಗೆ ಬದಲಾಗುತ್ತದೆ, ರಕ್ತಪರೀಕ್ಷೆಯಲ್ಲಾದರೆ ಖಚಿತ ಅಂಕಿ ಸಿಗುತ್ತದೆ. ಆ ತಿದ್ದುಪಡಿಗೆ ಸಕಾರಣವಿತ್ತು ಎಂದು ಒಪ್ಪುತ್ತೇನೆ. ಆದರೂ ಅಂದಿನಿಂದ ಪೋಷಣೆ ರೋಗಿಯ ಫೈಲಿನ ಮೊದಲ ಪುಟದಿಂದ ಮರೆಯಾಯಿತು ಎಂಬ ಬೇಸರ ನನಗಿದೆ. ಈಗ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಅದನ್ನು ಮತ್ತೆ ಒಳಗೆ ತರುತ್ತಿವೆ. ಸ್ಥಿತಿ ಹತೋಟಿಯಲ್ಲಿರುವ ಸಿರೋಸಿಸ್ ರೋಗಿಗಳಲ್ಲಿ ಐವರಲ್ಲಿ ಒಬ್ಬರಿಗೆ, ಜಲೋದರ ಮುಂತಾದ ತೊಡಕುಗಳು ಶುರುವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಪೌಷ್ಟಿಕತೆ ಇರುತ್ತದೆ ಎಂಬುದು ಅವು ಕೊಡುವ ಲೆಕ್ಕ.

ಇನ್ನು ಅಳತೆಯ ವಿಚಾರ. ತೂಕದ ಯಂತ್ರ ಪೆರ್ಲದ ಆ ಕೃಷಿಕರನ್ನು 60 ಕಿಲೋ ಎಂದು ತೋರಿಸಿತು. ಎತ್ತರ 165 ಸೆಂಟಿಮೀಟರ್. ಈ ಲೆಕ್ಕದಲ್ಲಿ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 22. ಯಾವ ಪಟ್ಟಿಯನ್ನು ನೋಡಿದರೂ ಇದು ಆರೋಗ್ಯವಂತರ ಅಂಕಿ. ಆದರೆ ಆ 60 ಕಿಲೋದಲ್ಲಿ ನೀರಿನ ಪಾಲು ಎಷ್ಟು? ಇದಕ್ಕೊಂದು ಅಂದಾಜಿನ ಸೂತ್ರವಿದೆ. ಜಲೋದರ ಅಲ್ಪವಿದ್ದರೆ ತೂಕದಿಂದ ಶೇ. 5, ಮಧ್ಯಮವಾಗಿದ್ದರೆ ಶೇ. 10, ತೀವ್ರವಿದ್ದರೆ ಶೇ. 15 ಕಳೆಯಬೇಕು. ಎರಡೂ ಕಾಲುಗಳಲ್ಲಿ ಬಾವು ಇದ್ದರೆ ಇನ್ನೂ ಶೇ. 5 ಕಳೆಯಬೇಕು. ಅವರ ಜಲೋದರ ತೀವ್ರವಾಗಿತ್ತು, ಕಣಕಾಲನ್ನು ಒತ್ತಿದರೆ ಬೆರಳಿನ ಗುಳಿ ಉಳಿಯುತ್ತಿತ್ತು. ಹೀಗೆ ಶೇ. 20 ಕಳೆದರೆ ಉಳಿಯುವುದು 48 ಕಿಲೋ. ಇದಕ್ಕೆ ಒಣತೂಕ ಎನ್ನುತ್ತಾರೆ. ಆಗ ಬಿಎಂಐ 17.6ಕ್ಕೆ ಇಳಿಯಿತು. 18.5ಕ್ಕಿಂತ ಕೆಳಗಿರುವ ಸಿರೋಸಿಸ್ ರೋಗಿಯನ್ನು ಬೇರೆ ಪ್ರಶ್ನೆ ಕೇಳದೆ ಅಪೌಷ್ಟಿಕತೆಯ ಹೆಚ್ಚಿನ ಅಪಾಯದವರೆಂದು ಪರಿಗಣಿಸಬೇಕು. ಆರು ತಿಂಗಳಲ್ಲಿ ನೀರು ಏರುತ್ತ ಹೋದಂತೆ ಮಾಂಸ ಇಳಿಯುತ್ತ ಹೋಗಿತ್ತು. ಎರಡೂ ಸರಿಹೋಗಿ ಯಂತ್ರದ ಮುಳ್ಳು ಅಲ್ಲಾಡದೆ ನಿಂತಿತ್ತು.

ಮಗ ರಕ್ತಪರೀಕ್ಷೆಯ ವರದಿ ತೋರಿಸಿ, "ಆಲ್ಬುಮಿನ್ ಕಡಿಮೆ ಇದೆಯಂತೆ, ಪ್ರೋಟೀನ್ ಪುಡಿ ಕೊಟ್ಟರೆ ಏರುತ್ತದೆಯೇ?" ಎಂದು ಕೇಳಿದ. ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಆಲ್ಬುಮಿನ್ ತಯಾರಾಗುವುದೇ ಲಿವರಿನಲ್ಲಿ. ಲಿವರ್ ಸೋತಾಗಲೂ, ಮೈಯಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗಲೂ ಅದು ಇಳಿಯುತ್ತದೆ. ಚೆನ್ನಾಗಿ ಉಣ್ಣುವ ರೋಗಿಯಲ್ಲೂ ಕಡಿಮೆ ಇರಬಹುದು. ರೋಗ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಅದು ಬೇಕು, ಊಟ ಸಾಕಾಗುತ್ತಿದೆಯೇ ಎಂದು ತಿಳಿಯಲು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಕಾಲಿಟ್ಟು ನಿಂತರೆ ಕೊಬ್ಬು, ಮಾಂಸ, ನೀರಿನ ಪ್ರಮಾಣ ಹೇಳುವ ಯಂತ್ರಗಳಿವೆಯಲ್ಲ, ಜಿಮ್‌ಗಳಲ್ಲಿ ಇಡುವಂಥವು, ಅವೂ ನೀರು ತುಂಬಿದ ದೇಹದಲ್ಲಿ ಲೆಕ್ಕ ತಪ್ಪುತ್ತವೆ.

ಹಾಗಾದರೆ ಮಾಂಸವನ್ನು ನೋಡುವುದು ಹೇಗೆ? ಮೊದಲು ಕಣ್ಣಿನಿಂದ. ಕಣತಲೆ ಗುಳಿ ಬಿದ್ದಿದೆಯೇ, ಕೊರಳ ಕೆಳಗಿನ ಎಲುಬು ಎದ್ದು ಕಾಣುತ್ತದೆಯೇ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿರಬೇಕಾದ ಮಾಂಸ ಚಪ್ಪಟೆಯಾಗಿದೆಯೇ ಎಂದು ನೋಡುತ್ತೇನೆ. ಆಮೇಲೆ ಟೇಪು. ಭುಜದ ತುದಿಯ ಎಲುಬಿನಿಂದ ಮೊಣಕೈಯ ತುದಿಯವರೆಗೆ ಅಳೆದು, ನಡುವೆ ಪೆನ್ನಿನಿಂದ ಒಂದು ಗುರುತು ಹಾಕಿ, ಅಲ್ಲಿ ತೋಳಿನ ಸುತ್ತಳತೆ ತೆಗೆಯುವುದು. ಅವರದು 21 ಸೆಂಟಿಮೀಟರ್. ಅದೇ ಗುರುತಿನ ಹಿಂಬದಿಯಲ್ಲಿ ಚರ್ಮವನ್ನು ಎರಡು ಬೆರಳಿನಿಂದ ಮೇಲೆತ್ತಿ ಕ್ಯಾಲಿಪರ್ ಎಂಬ ಇಕ್ಕಳದಂಥ ಸಾಧನದಿಂದ ದಪ್ಪ ನೋಡಿದರೆ 6 ಮಿಲಿಮೀಟರ್. ಈ ದಪ್ಪವನ್ನು ಸೆಂಟಿಮೀಟರಿಗೆ ತಿರುಗಿಸಿ, 3.14ರಿಂದ ಗುಣಿಸಿ, ಸುತ್ತಳತೆಯಿಂದ ಕಳೆದರೆ ಕೊಬ್ಬನ್ನು ಬಿಟ್ಟು ಮಾಂಸದ ಸುತ್ತಳತೆ ಸಿಗುತ್ತದೆ. ಅವರಿಗೆ ಅದು 19 ಸೆಂಟಿಮೀಟರ್ ಚಿಲ್ಲರೆ. ಜಲೋದರದ ನೀರು ತೋಳಿಗೆ ಬರುವುದು ಅಪರೂಪ. ಆದ್ದರಿಂದ ಹೊಟ್ಟೆ, ಕಾಲುಗಳು ಮರೆಮಾಚುವುದನ್ನು ತೋಳು ಬಯಲು ಮಾಡುತ್ತದೆ.

ಮಾಂಸ ಎಷ್ಟಿದೆ ಎಂಬುದರ ಜೊತೆಗೆ ಅದರಲ್ಲಿ ಕಸುವು ಎಷ್ಟಿದೆ ಎಂಬುದೂ ಬೇಕು. ಅದಕ್ಕೆ ಹಿಡಿತದ ಮಾಪಕವಿದೆ. ಕುಳಿತು, ಮೊಣಕೈ ಮಡಚಿ, ಶಕ್ತಿಯಿದ್ದಷ್ಟು ಹಿಸುಕಬೇಕು. ಏಷ್ಯಾದ ಜನರಿಗೆಂದು 2019ರಲ್ಲಿ ತಜ್ಞರ ಗುಂಪು ನಿಗದಿ ಮಾಡಿದ ಮಟ್ಟದ ಪ್ರಕಾರ ಗಂಡಸರಲ್ಲಿ 28 ಕಿಲೋಗಿಂತ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಾದರೆ ಹಿಡಿತ ದುರ್ಬಲವೆಂದು ಅರ್ಥ. ಅವರು ಮೂರು ಸಲ ಹಿಸುಕಿದಾಗ ಹೆಚ್ಚೆಂದರೆ 16 ಬಂತು. ಅವರು ಮಾಪಕವನ್ನು ಮೇಜಿನ ಮೇಲಿಟ್ಟು, ಕೈಯನ್ನೇ ತಿರುಗಿಸಿ ನೋಡಿಕೊಂಡು, "ಕಳೆದ ಸಲ ಅಡಿಕೆ ಸುಲಿಯಲು ಕೂತವನು ಕಾಲು ಗಂಟೆಯಲ್ಲಿ ಎದ್ದುಬಿಟ್ಟೆ" ಎಂದರು. ಆ ಮಾತನ್ನು ಹಾಗೆಯೇ ಫೈಲಿನಲ್ಲಿ ಬರೆದುಕೊಂಡೆ. ಮಾಪಕ ಇಲ್ಲದ ಊರಿನಲ್ಲಿ ಇಂಥ ಪ್ರಶ್ನೆಗಳೇ ಮಾಪಕ. ತೆಂಗಿನಕಾಯಿ ಸುಲಿಯಲು ಆಗುತ್ತದೆಯೇ? ಬಾವಿಯಿಂದ ಕೊಡಪಾನ ಎಳೆಯುವಾಗ ನಡುವೆ ನಿಲ್ಲಿಸಬೇಕಾಗುತ್ತದೆಯೇ? ತೋಟದಿಂದ ಮನೆಗೆ ಹತ್ತುವ ಮೆಟ್ಟಿಲಲ್ಲಿ ಎಷ್ಟು ಕಡೆ ಕೂರುತ್ತೀರಿ? ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿಯೂ ಕುಂದಿದೆ ಎಂದು ತಿಳಿಯಬಹುದು. ಹಿಡಿತ, ಕುರ್ಚಿ, ಸಮತೋಲ ಈ ಮೂರನ್ನೂ ಸೇರಿಸಿ ಲಿವರ್ ರೋಗಿಗಳ ದೌರ್ಬಲ್ಯವನ್ನು ಅಂಕಿಯಲ್ಲಿ ಹೇಳುವ ಸೂಚ್ಯಂಕವೊಂದು ಬಳಕೆಯಲ್ಲಿದೆ. ಲಿವರ್ ಕಸಿಗೆ ಕಾಯುತ್ತಿರುವವರಲ್ಲಿ ಅದು ಬಹಳ ಉಪಯುಕ್ತ.

ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಿದ್ದರೆ, ಸೊಂಟದ ಮೂರನೆಯ ಬೆನ್ನುಮೂಳೆಯ ಮಟ್ಟದ ಒಂದೇ ಒಂದು ಚಿತ್ರದಿಂದ ಮಾಂಸಖಂಡದ ವಿಸ್ತೀರ್ಣವನ್ನು ಲೆಕ್ಕ ಹಾಕಬಹುದು. ಅತ್ಯಂತ ನಿಖರವಾದ ಅಳತೆ ಇದೇ. ಪೋಷಣೆ ನೋಡುವುದಕ್ಕೆಂದೇ ಸಿಟಿ ಮಾಡಿಸಬೇಕಿಲ್ಲ. ಕಪಾಟಿನಲ್ಲಿರುವ ಹಳೆಯ ಸ್ಕ್ಯಾನನ್ನು ಮುಂದಿನ ಸಲ ಮರೆಯದೆ ತನ್ನಿ, ಅಷ್ಟು ಸಾಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಅಳತೆ ತಟ್ಟೆಯದು. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲವನ್ನೂ ಗಂಟೆಯ ಸಮೇತ ಕೇಳಬೇಕು. ಸಾಧ್ಯವಿದ್ದರೆ ಮೂರು ದಿನದ್ದನ್ನು ಬರೆಸಬೇಕು. ಹೇಳಲು ಸುಲಭ, ಮಾಡಲು ತಾಳ್ಮೆ ಬೇಕು. "ಊಟ ಮಾಡುತ್ತಾರೆಯೇ?" ಎಂದರೆ "ಮಾಡುತ್ತಾರೆ" ಎಂದೇ ಉತ್ತರ. ಎಷ್ಟು ಎಂದರೆ "ಸ್ವಲ್ಪ". ಅದಕ್ಕೇ ನನ್ನ ಮೇಜಿನ ಮೇಲೆ ಒಂದು ಸ್ಟೀಲಿನ ಬಟ್ಟಲು, ಒಂದು ಲೋಟ, ಒಂದು ಸೌಟು ಇಟ್ಟುಕೊಂಡಿದ್ದೇನೆ. ಮಗನಿಗೆ ಸೌಟು ಕೊಟ್ಟು, ಅಮ್ಮ ಎಷ್ಟು ಬಡಿಸುತ್ತಾರೆ ತೋರಿಸಿ ಎಂದೆ. ಆತ ಬೆಳಗ್ಗೆ ಎರಡು ಸೌಟು ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಎರಡು, ರಾತ್ರಿ ಒಂದೂವರೆ ಎಂದು ಬಟ್ಟಲಿಗೆ ಸುರಿದು ತೋರಿಸಿದ. ಗಂಜಿಯಲ್ಲಿ ಅನ್ನದಗುಳು ಎಷ್ಟು, ತೆಳಿ ಎಷ್ಟು ಎಂದು ಕೇಳಿದೆ. ಅರ್ಧಕ್ಕರ್ಧ ತೆಳಿ. ಬೇಳೆ? "ಲಿವರಿಗೆ ಭಾರವಲ್ಲವೇ, ನಿಲ್ಲಿಸಿದ್ದೇವೆ." ಮೀನು, ಮೊಟ್ಟೆ? "ಪಥ್ಯ." ಎಣ್ಣೆ, ತೆಂಗಿನಕಾಯಿ? "ಮುಟ್ಟುವುದೇ ಇಲ್ಲ."

ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 150 ಗ್ರಾಂ ಅಕ್ಕಿ. ಅದರಿಂದ 500 ಕಿಲೋಕ್ಯಾಲೊರಿ ಚಿಲ್ಲರೆ, 12 ಗ್ರಾಂಗೆ ಮೀರದ ಪ್ರೋಟೀನ್. ಸಿರೋಸಿಸ್ ರೋಗಿಗೆ ಒಣತೂಕದ ಪ್ರತಿ ಕಿಲೋಗೆ ದಿನಕ್ಕೆ 30ರಿಂದ 35 ಕಿಲೋಕ್ಯಾಲೊರಿ ಮತ್ತು 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 48 ಕಿಲೋದ ಅವರಿಗೆ 1,440ರಿಂದ 1,680 ಕಿಲೋಕ್ಯಾಲೊರಿ, 58ರಿಂದ 72 ಗ್ರಾಂ ಪ್ರೋಟೀನ್ ಆಯಿತು. ಬೇಕಾದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು, ಪ್ರೋಟೀನಿನಲ್ಲಿ ಐದನೆಯ ಒಂದು ಪಾಲು ಮಾತ್ರ ಅವರಿಗೆ ಸಿಗುತ್ತಿತ್ತು. ಪ್ರೀತಿಯಿಂದ, ಶ್ರದ್ಧೆಯಿಂದ, ಒಂದು ದಿನವೂ ತಪ್ಪಿಸದೆ ಮನೆಯವರು ಈ ಗಂಜಿ ಕೊಟ್ಟಿದ್ದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕಾಮಾಲೆ ಬಂದರೆ ಗಂಜಿ ಮತ್ತು ಪಥ್ಯ ಎಂಬುದು ನಮ್ಮೂರಿನ ಹಳೆಯ ತಿಳಿವಳಿಕೆ. ಸೋಂಕಿನ ಕಾಮಾಲೆ ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವುದರಿಂದ ಆ ಪಥ್ಯ ಗೆದ್ದಂತೆ ಕಾಣುತ್ತಿತ್ತು. ವರ್ಷಗಟ್ಟಲೆ ಇರುವ ಸಿರೋಸಿಸ್‌ಗೆ ಅದನ್ನೇ ಹಚ್ಚಿದರೆ ರೋಗಿ ಸೊರಗುತ್ತಾರೆ. ಮಬ್ಬು ಕವಿದವರಿಗೆ ಪ್ರೋಟೀನ್ ನಿಲ್ಲಿಸಬೇಕೆಂದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದರು. ಅದರಿಂದ ಪ್ರಯೋಜನವಿಲ್ಲ, ಮಾಂಸ ಕರಗುವುದಷ್ಟೇ ಆಗುತ್ತದೆ ಎಂದು ತಿಳಿದು ಆ ಸಲಹೆಯನ್ನು ಕೈಬಿಟ್ಟು ಬಹಳ ಕಾಲವಾಯಿತು. ಮಾಂಸದ ಪ್ರೋಟೀನ್ ಒಗ್ಗದವರಿಗೆ ಹೆಸರುಕಾಳು, ಬೇಳೆ, ಹಾಲು, ಮೊಸರಿನದು ಚೆನ್ನಾಗಿ ಒಗ್ಗುತ್ತದೆ.

ಉಪ್ಪಿನ ಪ್ರಶ್ನೆಯನ್ನೂ ಇಲ್ಲೇ ಕೇಳಿಬಿಡಬೇಕು. ಜಲೋದರ ಇದ್ದವರಿಗೆ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪು ಎಂಬ ಮಿತಿಯನ್ನು ವೈದ್ಯರು ಹಾಕುತ್ತಾರೆ. ನಮ್ಮ ಕಡೆ ಆ ಚಮಚ ಸಾರಿನಲ್ಲಿ ಸಿಗುವುದಿಲ್ಲ, ಮಾವಿನ ಮಿಡಿಯಲ್ಲಿ, ಹಪ್ಪಳದಲ್ಲಿ, ಒಣಮೀನಿನಲ್ಲಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯಲ್ಲಿ ಅಡಗಿರುತ್ತದೆ. ಅವನ್ನು ಬಿಡಿಸಿ ಸಾರಿಗೆ ಹದವಾಗಿ ಉಪ್ಪು ಹಾಕುವುದು ಒಳ್ಳೆಯದು. ಸಪ್ಪೆ ಮಾಡಿ ಬಡಿಸಿ, ರೋಗಿ ತಟ್ಟೆ ದೂಡಿದರೆ ಉಪ್ಪಿನ ಜೊತೆ ಊಟವೂ ಹೋಯಿತು.

ಉಪವಾಸದ ಗಂಟೆಗಳನ್ನು ಕೇಳುವುದು ನನ್ನ ಇನ್ನೊಂದು ಹಠ. ಏಕಾದಶಿ, ರಂಜಾನ್‌ನ ಉಪವಾಸವನ್ನಾದರೂ ಮನೆಯವರು ಹೇಳುತ್ತಾರೆ, ಆಸ್ಪತ್ರೆ ಮಾಡಿಸುವ ಉಪವಾಸ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಿಂದಿನ ರಾತ್ರಿ 8ಕ್ಕೆ ಉಂಡು, ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹಿಡಿದು, ಸ್ಕ್ಯಾನಿಂಗ್‌ನ ಸರದಿ ಬರುವಾಗ ಮಧ್ಯಾಹ್ನ 12 ಆದರೆ 16 ಗಂಟೆ ಆಯಿತು. ದೂರದಿಂದ ಬರುವ ಲಿವರ್ ರೋಗಿ ಎಂದು ಹೇಳಿ ಬೆಳಗಿನ ಮೊದಲ ಸರದಿ ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ಅಳೆಯಲು ನನಗೆ ಮುಕ್ಕಾಲು ಗಂಟೆ ಬೇಕು. ಎಲ್ಲ ರೋಗಿಗಳಿಗೂ ಅಷ್ಟು ಸಮಯ ಕೊಡಲು ಯಾವ ಆಸ್ಪತ್ರೆಗೂ ಆಗುವುದಿಲ್ಲ. ಅದಕ್ಕಾಗಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ರೂಪುಗೊಂಡ ಒಂದು ಸಣ್ಣ ಪ್ರಶ್ನಾವಳಿಯನ್ನು ಬಳಸಬಹುದು. ಮೈಯಲ್ಲಿ ನೀರು ತುಂಬಿದೆಯೇ, ಅದರಿಂದ ಊಟಕ್ಕೆ ಅಡ್ಡಿಯಾಗಿದೆಯೇ, ಇತ್ತೀಚಿನ ದಿನಗಳಲ್ಲಿ ಊಟ ಅರ್ಧಕ್ಕೆ ಇಳಿದಿದೆಯೇ, ಕಳೆದ ಮೂರರಿಂದ ಆರು ತಿಂಗಳಲ್ಲಿ ತೂಕ ಇಳಿದಿದೆಯೇ, ಮೂತ್ರ ಹೆಚ್ಚಿಸುವ ಮಾತ್ರೆ ಇದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಮದ್ಯದಿಂದಾದ ಲಿವರಿನ ತೀವ್ರ ಉರಿಯೂತ ಇದ್ದರೆ, ಅಥವಾ ರೋಗಿಗೆ ಕೊಳವೆಯ ಮೂಲಕ ಆಹಾರ ಕೊಡುತ್ತಿದ್ದರೆ ಮೊದಲ ಪ್ರಶ್ನೆಗೇ ಹೆಚ್ಚಿನ ಅಪಾಯದ ಗುಂಪು. ಎರಡು ಮೂರು ನಿಮಿಷದಲ್ಲಿ ದಾದಿಯರೇ ಮುಗಿಸಬಹುದು. ಅಪಾಯ ಕಂಡವರನ್ನು ಮಾತ್ರ ವಿವರವಾದ ತಪಾಸಣೆಗೆ ಕಳಿಸಿದರೆ ಸಾಕು. ಹೊರರೋಗಿಗಳಲ್ಲಿ ಒಂದರಿಂದ ಆರು ತಿಂಗಳಿಗೊಮ್ಮೆ ಇದನ್ನು ಮತ್ತೆ ಮಾಡಬೇಕು.

ದಪ್ಪಗಿರುವವರನ್ನು ಬಿಟ್ಟುಬಿಡುವ ತಪ್ಪು ಬೇಡ. ಸಕ್ಕರೆ ಕಾಯಿಲೆ ಮತ್ತು ಕೊಬ್ಬಿನ ಲಿವರಿನಿಂದ ಸಿರೋಸಿಸ್ ಆದವರು ಈಗ ಹೆಚ್ಚು ಹೆಚ್ಚಾಗಿ ಬರುತ್ತಿದ್ದಾರೆ. ಅವರಲ್ಲಿ ಕೊಬ್ಬಿನ ಪದರದ ಅಡಿಯಲ್ಲಿ ಮಾಂಸ ಕರಗಿರುವುದು ಹೊರಗೆ ಕಾಣುವುದಿಲ್ಲ, ಹಿಡಿತ ಮತ್ತು ಕುರ್ಚಿಯ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅವರಿಗೆ ಕ್ಯಾಲೊರಿ ಇಳಿಸಬೇಕಾದರೂ ಪ್ರೋಟೀನ್ ಇಳಿಸಬಾರದು.

ಪೆರ್ಲದವರ ಚೀಲದಲ್ಲಿ ಬೇರೆಡೆ ಕೊಟ್ಟಿದ್ದ ಪಥ್ಯದ ಚೀಟಿಯೊಂದಿತ್ತು, ಅಚ್ಚುಕಟ್ಟಾಗಿ ಮುದ್ರಿಸಿದ್ದು, ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಅವರಿಗಾಗಲಿ, ಅಡುಗೆ ಮಾಡುವ ಮನೆಯೊಡತಿಗಾಗಲಿ ಅದನ್ನು ಓದಲು ಬರುತ್ತಿರಲಿಲ್ಲ. ಏಳು ಭಾಷೆಗಳ ನಾಡಿನಲ್ಲಿ ಅಡುಗೆಮನೆಯ ಭಾಷೆ ಯಾವುದು ಎಂದು ಕೇಳುವುದೂ ಪೋಷಣೆಯ ತಪಾಸಣೆಯ ಭಾಗವೆಂದು ನಾನು ತಿಳಿದಿದ್ದೇನೆ. ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟೆ. ಎದ್ದ ಕೂಡಲೇ ತಿಂಡಿ. ಹಗಲಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಗಂಜಿ ಇರಲಿ, ತೆಳಿ ಕಡಿಮೆ ಮಾಡಿ ಅಗುಳು ಹೆಚ್ಚಿಸಿ, ಅದರೊಡನೆ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು. ದಿನಕ್ಕೆ ಎರಡು ಮೊಟ್ಟೆ, ಬಂಗುಡೆ ಸಿಕ್ಕಿದ ದಿನ ಸಾರು. ತೆಂಗಿನಕಾಯಿ ಹಾಕಬಹುದು. ಕೊನೆಯ ಸಾಲಿನ ಅಡಿಗೆ ಗೆರೆ ಎಳೆದೆ: ಮಲಗುವ ಮುನ್ನ, 10 ಗಂಟೆಗೆ, ಒಂದು ದೊಡ್ಡ ನೇಂದ್ರ ಬಾಳೆಹಣ್ಣು ಬೇಯಿಸಿದ್ದು, ಒಂದು ಲೋಟ ಹಾಲು. ಇದರಲ್ಲಿ ಸುಮಾರು 50 ಗ್ರಾಂ ಪಿಷ್ಟ, ಸಕ್ಕರೆ ಇರುತ್ತದೆ. ಬರಿದಾದ ಪತ್ತಾಯಕ್ಕೆ ಅದು ಬೆಳಗಿನವರೆಗೂ ಸಾಲುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗಾದರೆ ಈ ತಿಂಡಿಯನ್ನು ವೈದ್ಯರೊಡನೆ ಕೇಳಿ ಬದಲಿಸುತ್ತೇನೆ.

ಮೂರು ತಿಂಗಳ ಬಳಿಕ ಬಂದಾಗ ಮಗನ ಮುಖ ಬಾಡಿತ್ತು. "60 ಇದ್ದವರು 54ಕ್ಕೆ ಬಂದಿದ್ದಾರೆ ಮೇಡಂ." ವೈದ್ಯರು ಮಾತ್ರೆ ಬದಲಿಸಿ ನೀರು ಇಳಿಸಿದ್ದರು. ಕಾಲಿನ ಬಾವು ಹೋಗಿತ್ತು, ಹೊಟ್ಟೆಯಲ್ಲಿ ಅಲ್ಪ ನೀರು ಉಳಿದಿತ್ತು. 54ರಲ್ಲಿ ಶೇ. 5 ಕಳೆದು ಆತನ ಮುಂದೆಯೇ ಬರೆದೆ: ಒಣತೂಕ 51.3. ಕಳೆದ ಸಲದ 48ನ್ನು ಪಕ್ಕದಲ್ಲಿ ಬರೆದೆ. ತೋಳಿನ ಸುತ್ತಳತೆ 22 ಸೆಂಟಿಮೀಟರ್. ಮಾಪಕವನ್ನು ಕೊಡುವ ಮೊದಲೇ ಅವರು ಕೈ ಚಾಚಿ, ಹಲ್ಲು ಕಚ್ಚಿ ಹಿಸುಕಿದರು. 20 ಬಂತು. 28ಕ್ಕೆ ಇನ್ನೂ ದೂರವಿದೆ ಎಂದೆ. "ಮುಂದಿನ ಸಲ ಯಾವಾಗ ಬರಬೇಕು?" ಎಂದು ಕೇಳಿ, ಎರಡು ತಿಂಗಳ ನಂತರದ ತಾರೀಕನ್ನು ಮಗನ ಮೊಬೈಲಿನಲ್ಲಿ ಬರೆಸಿದರು.